ಕಂಪೈಲರ್‌ಗೂ ಒಂದು ಅಕ್ರಮ-ಸಕ್ರಮ

ಜಿಸಿಸಿ ಅಂದರೆ ಸಿ ಭಾಷೆಯಲ್ಲಿ ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರ್. ಅದರ 15ನೇ ವರ್ಷನ್ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅದನ್ನು ಹಾಕಿಕೊಳ್ಳಬೇಕೋ ಬೇಡವೋ ಅನ್ನುವ ಮೀಟಿಂಗ್ ನಮ್ಮ ಆಫೀಸಿನಲ್ಲಿ ಮೊನ್ನೆ ಆರನೇ ಸಲ ನಡೆಯಿತು. ನಾವಿನ್ನೂ 4.8ರಲ್ಲೇ ಇದ್ದೇವೆ. ಅದು 2013ರದ್ದು. ಆ ವರ್ಷ ಹುಟ್ಟಿದ ಮಗು ಈಗ ಏಳೋ ಎಂಟೋ ಕ್ಲಾಸಿನಲ್ಲಿದೆ, ಶಾಲೆಯ ಲ್ಯಾಬಿನಲ್ಲಿ ನಮಗಿಂತ ಹೊಸ ಕಂಪೈಲರ್ ಬಳಸುತ್ತಿರಲೂಬಹುದು.

ಹದಿನಾಲ್ಕು ಜನ ಕೂತಿದ್ದೆವು. ಗೋಡೆಯ ಮೇಲೆ ಶೇರ್ ಮಾಡಿದ ಶೀಟ್. ಅದರಲ್ಲಿ ‘ರಿಸ್ಕ್’ ಕಾಲಂ ತುಂಬಿ ತುಳುಕುತ್ತಿತ್ತು. ‘ಓನರ್’ ಕಾಲಂ ಖಾಲಿ. ಯಾರೋ ಅಲ್ಲಿ ನನ್ನ ಹೆಸರಿನ ಮೊದಲ ಎರಡಕ್ಷರ ಟೈಪ್ ಮಾಡಿದರು. ನಾನು ಕೆಮ್ಮಿದೆ. ಅಳಿಸಿದರು. ಇಷ್ಟು ಸೂಕ್ಷ್ಮ ಗೊತ್ತಿರುವ ಜನರ ಜೊತೆ ಕೆಲಸ ಮಾಡುವುದಕ್ಕೂ ಪುಣ್ಯ ಬೇಕು.

ಯಾಕಂದರೆ ಲೆಕ್ಕ ಸರಳ. ಹಳೇದರಲ್ಲೇ ಇದ್ದು ಕೆಟ್ಟರೆ ‘ಏನೋ ಕೆಟ್ಟಿದೆ’ ಅಂತಾರೆ. ಹೊಸದಕ್ಕೆ ಹೋಗಿ ಕೆಟ್ಟರೆ ‘ಯಾರು ಹೇಳಿದ್ದು?’ ಅಂತಾರೆ.

‘ಹೊಸ ಕಂಪೈಲರ್ ಬಂದರೆ ನಮ್ಮ ಕೋಡ್ ಒಡೆದುಹೋಗುತ್ತೆ’ ಎಂದು ಹಿರಿಯರೊಬ್ಬರು ಎದೆ ಮುಟ್ಟಿಕೊಂಡು ಹೇಳಿದರು. ನಿಜ, ಒಡೆಯುತ್ತದೆ. ಯಾಕೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಬಿ ಖಾತಾ ಕೋಡ್. ಮನೆ ಇದೆ, ಮೂರು ಫ್ಲೋರ್ ಎದ್ದಿದೆ, ಬಾಡಿಗೆ ಬರುತ್ತಿದೆ, ಕಂದಾಯವನ್ನೂ ಕಟ್ಟುತ್ತಿದ್ದೇವೆ. ಬ್ಯಾಂಕಿನವರು ಬಂದು ಕಾಗದ ತೋರಿಸಿ ಅಂದಾಗ ಮಾತ್ರ ಹೊಟ್ಟೆ ತೊಳಸುತ್ತದೆ.

ನೋಡಿ, ನಮ್ಮಲ್ಲೊಂದು ಹೆಡರ್ ಫೈಲ್ ಇದೆ, ಬೇರೆ ಫೈಲುಗಳು ಹಂಚಿಕೊಳ್ಳುವಂಥದ್ದು. ಅದರಲ್ಲೊಂದು ವೇರಿಯಬಲ್. ‘ಇದರ ಅಸಲು ಬೇರೆ ಕಡೆ ಇದೆ’ ಅಂತ ಹೇಳುವ ‘ಎಕ್ಸ್‌ಟರ್ನ್’ ಹಾಕದೆ ಹಾಗೇ ಬರೆದಿದ್ದಾರೆ. ನಾಲ್ಕು ಫೈಲುಗಳು ಅದನ್ನು ಸೇರಿಸಿಕೊಂಡಿವೆ. ಅಂದರೆ ಒಂದೇ ಸೈಟನ್ನು ನಾಲ್ವರಿಗೆ ಮಾರಿದಂತೆ. ಹಳೇ ಜಿಸಿಸಿ ಕಾಲದಲ್ಲಿ, ಫೈಲುಗಳನ್ನು ಕೊನೆಗೆ ಜೋಡಿಸುವ ಲಿಂಕರ್ ದೊಡ್ಡ ಮನಸ್ಸು ಮಾಡಿ, ನಾಲ್ವರನ್ನೂ ಒಂದೇ ಸೈಟಿನಲ್ಲಿ ಕೂರಿಸಿ, ಸುಮ್ನೆ ರಿಜಿಸ್ಟರ್ ಮಾಡಿಕೊಡುತ್ತಿತ್ತು. 2020ರಲ್ಲಿ ಜಿಸಿಸಿ 10 ಬಂತು, ಇಸಿ ತೆಗೆಸಿ ನೋಡಲು ಶುರು ಮಾಡಿತು. ‘ಇದಕ್ಕೆ ಈಗಾಗಲೇ ಮಾಲೀಕರಿದ್ದಾರಲ್ಲ!’ ಗಲಾಟೆಯೋ ಗಲಾಟೆ. ಪರಿಹಾರ? ‘ಎಫ್‌ಕಾಮನ್’ ಅಂತ ಒಂದು ಫ್ಲ್ಯಾಗ್, ಅಂದರೆ ಕಂಪೈಲರಿಗೆ ಕೊಡುವ ಸೂಚನೆ, ಹಾಕಿದರೆ ಮತ್ತೆ ಹಳೇ ಪದ್ಧತಿ. 2024ರ ಜಿಸಿಸಿ 14 ಇನ್ನಷ್ಟು ಬಿಗಿಯಾಯಿತು. ಅದಕ್ಕೂ ‘ಎಫ್‌ಪರ್ಮಿಸಿವ್’ ಎಂಬ ಫ್ಲ್ಯಾಗ್ ಇದೆ, ತಪ್ಪು ಅಂದದ್ದನ್ನು ಬರೀ ಎಚ್ಚರಿಕೆ ಮಾಡಿಕೊಡುತ್ತದೆ. ದಂಡವನ್ನೂ ಕಟ್ಟಬೇಕಿಲ್ಲ. ನಮ್ಮ ಸರ್ಕಾರಗಳು ವರ್ಷಗಟ್ಟಲೆ ಅಕ್ರಮ-ಸಕ್ರಮ ಅಂತ ಕೋರ್ಟಿಗೆ ಅಲೆದವು. ಅಲ್ಲಿ ಒಂದೇ ಪದದಲ್ಲಿ ಮುಗಿಸಿದ್ದಾರೆ.

ಜಿಸಿಸಿ 15 ಇನ್ನೂ ಮಜಾ. ಅದರಲ್ಲಿ ಸಿ23, ಅಂದರೆ ಸಿ ಭಾಷೆಯ ಹೊಸ ನಿಯಮಗಳು, ತಾನಾಗಿಯೇ ಆನ್. ಬೂಲ್, ಟ್ರೂ, ಫಾಲ್ಸ್ ಈಗ ಭಾಷೆಯದ್ದೇ ಪದಗಳು, ನಾವು ಮುಟ್ಟುವಂತಿಲ್ಲ. ನಿಜವೋ ಸುಳ್ಳೋ ಅಂತ ಹೇಳುವ ಬೂಲ್ ನಮ್ಮ ಕೋಡಿನಲ್ಲಿ ಮೂರು ಕಡೆ ಮೂರು ಥರ ಇದೆ. ಒಂದು ಫೈಲಿನಲ್ಲಂತೂ ಟ್ರೂ ಅಂದರೆ ಸೊನ್ನೆ. ಯಾಕೆ ಅಂತ ಕೇಳಿದರೆ ‘ಸಕ್ಸಸ್ ಅಂದ್ರೆ ಸೊನ್ನೆ ಅಲ್ವಾ?’ ಅಂದರು. ನಿಜ ಯಾವುದು, ಸುಳ್ಳು ಯಾವುದು ಅನ್ನುವುದು ಇಷ್ಟು ದಿನ ನಮ್ಮ ಟೀಮಿನ ಆಂತರಿಕ ವಿಚಾರವಾಗಿತ್ತು.

ಮಧ್ಯೆ ಕಾಫಿ ಬಂತು. ಮಾತು ರಸ್ತೆ ಗುಂಡಿಗೆ ಹೊರಳಿತು. 2025ರ ಸೆಪ್ಟೆಂಬರ್‌ನಲ್ಲಿ ಊರಿನ ಒಂದು ಪಾಲಿಕೆ ಐದಾಯಿತಲ್ಲ, ಅದನ್ನು ಮೇಜರ್ ರಿಲೀಸ್ ಅನ್ನಬಹುದು ಎಂದು ಒಬ್ಬರು. ಗುಂಡಿಗಳು ಹಳೇ ವರ್ಷನ್‌ನಿಂದ ಹಾಗೇ ಪೋರ್ಟ್ ಆಗಿವೆ, ಒಂದೂ ಕಳೆದುಹೋಗಿಲ್ಲ ಎಂದು ಇನ್ನೊಬ್ಬರು. ಎಜಿಪುರ ಫ್ಲೈಓವರ್ 2017ರಿಂದ ಬೀಟಾದಲ್ಲಿದೆ ಅಂತ ನಾನೂ ಸೇರಿಸಿದೆ. ಆರು ಮೀಟಿಂಗುಗಳಲ್ಲಿ ಎಲ್ಲರೂ ಒಮ್ಮತಕ್ಕೆ ಬಂದದ್ದು ಈ ಹತ್ತು ನಿಮಿಷದಲ್ಲಿ ಮಾತ್ರ.

ಆಮೇಲೆ ನನಗೆ ನಗು ನಿಂತುಹೋಯಿತು. ಮೂಲೆಯಲ್ಲಿ ಹುಡುಗನೊಬ್ಬ ಕೂತಿದ್ದ. ಸೇರಿ ಎಂಟು ತಿಂಗಳು. ಹಿಂದಿನ ವಾರ ಮೂರು ರಾತ್ರಿ ಮನೆಗೆ ಹೋಗಿರಲಿಲ್ಲ. ಪ್ರೋಗ್ರಾಂ ನಮ್ಮಲ್ಲಿ ಓಡುತ್ತಿತ್ತು, ಗ್ರಾಹಕರಲ್ಲಿ ಸಾಯುತ್ತಿತ್ತು. ಕಾರಣ ಇಷ್ಟೇ: ಒಂದು ಫಂಕ್ಷನ್ನನ್ನು ಡಿಕ್ಲೇರ್ ಮಾಡದೆ, ಅಂದರೆ ಅದು ಏನು ಕೊಡುತ್ತದೆ ಅಂತ ಮೊದಲೇ ಹೇಳದೆ, ಕರೆದಿದ್ದಾರೆ. ಅದು ಇಂಟ್, ಅಂದರೆ 32 ಬಿಟ್ ಸಂಖ್ಯೆ, ಕೊಡುತ್ತದೆ ಅಂತ ಕಂಪೈಲರ್ ಊಹಿಸಿಕೊಂಡಿತು. ಅದು ಕೊಡುತ್ತಿದ್ದದ್ದು 64 ಬಿಟ್ ವಿಳಾಸ. ಮೇಲಿನ 32 ಬಿಟ್ ಕತ್ತರಿಸಿಹೋಯಿತು. ಜಯನಗರದ 560011ರಲ್ಲಿ ಬರೀ 011 ಉಳಿದ ಹಾಗೆ. ಊರೊಳಗೆ ಕಾಗದ ಹೇಗೋ ತಲುಪುತ್ತದೆ. ಊರು ದಾಟಿದರೆ ಯಾವ ಊರಿನ 011?

ಡಿಕ್ಲೇರ್ ಮಾಡದೆ ಕರೆಯುವ ಈ ಚಾಳಿಯನ್ನು ಸಿ ಭಾಷೆಯ ನಿಯಮದಿಂದ 1999ರಲ್ಲೇ ತೆಗೆದುಹಾಕಿದ್ದಾರೆ. ಆಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ಜಿಸಿಸಿ 14ಕ್ಕೆ ಹೋಗಿದ್ದರೆ ಅದು ಆ ಸಾಲನ್ನು ಕಂಪೈಲ್ ಮಾಡುವುದಿಲ್ಲ ಅಂತ ನಿಂತುಬಿಡುತ್ತಿತ್ತು. ಹೋಗಲಿ, ನಮ್ಮ 4.8 ಕೂಡ ಕೇಳಿದ್ದರೆ ಹೇಳುತ್ತಿತ್ತು. ಆದರೆ ಹೇಗೆ ಕಂಪೈಲ್ ಮಾಡಬೇಕು ಅಂತ ಬರೆದಿಡುವ ಮೇಕ್‌ಫೈಲಿನಲ್ಲಿ ‘ಮೈನಸ್ ಡಬ್ಲ್ಯೂ’ ಇದೆ, ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಫ್ಲ್ಯಾಗ್. ಪಕ್ಕದಲ್ಲೊಂದು ಕಾಮೆಂಟ್: ‘ತಾತ್ಕಾಲಿಕ, ರಿಲೀಸ್ ಆದಮೇಲೆ ತೆಗೆಯಬೇಕು’. ತಾರೀಕು 2016. ಇಲ್ಲಿ ಕೂತಿರುವ ಹದಿನಾಲ್ಕು ಜನರಲ್ಲಿ ಹತ್ತು ಜನ ಆ ಸಾಲನ್ನು ನೋಡಿದ್ದೇವೆ. ನಾಚಿಕೆಗೇಡು. ಮೂರು ರಾತ್ರಿ ಅವನದ್ದು ಹೋಯಿತು, ನಮ್ಮದಲ್ಲ.

ಮೀಟಿಂಗ್ ಮುಗಿಯಿತು. ಉಪಸಮಿತಿ ಆಯಿತು. ಹುಡುಗ ಲ್ಯಾಪ್‌ಟಾಪ್ ಹಿಡಿದು ಮ್ಯಾನೇಜರ್ ಹಿಂದೆಯೇ ಹೋದ. ಮನೆಯಲ್ಲಿ ತಾನೇ ಜಿಸಿಸಿ 15 ಹಾಕಿ ಓಡಿಸಿದ್ದನಂತೆ. ಉದ್ದದ ಪಟ್ಟಿ, ಮೊದಲನೆಯದೇ ಆ ಮೂರು ರಾತ್ರಿಯ ಸಾಲು. ಮ್ಯಾನೇಜರ್ ಕನ್ನಡಕ ಏರಿಸಿ ಪೂರ್ತಿ ಓದಿದರು. ಬೆನ್ನು ತಟ್ಟಿದರು.

‘ಚೆನ್ನಾಗಿದೆ ಮಗಾ. ಆದ್ರೆ ಯಾರಿಗೂ ತೋರಿಸ್ಬೇಡ. ಟಿಕೆಟ್ ಆಗಿ ನಮ್ಮ ತಲೆಗೇ ಬಂದುಬಿಡುತ್ತೆ.’