ಓದಿ ಹೇಳಿದ್ದೆವಲ್ಲ, ನೀವೇ ಕೇಳಲಿಲ್ಲ

ಅಕ್ಟೋಬರ್ ತಿಂಗಳ ಎರಡನೇ ಸೋಮವಾರ ಬಂತೆಂದರೆ ಅಮೆರಿಕದಲ್ಲಿ ಜಗಳ ಗ್ಯಾರಂಟಿ. ಕೊಲಂಬಸ್ ದಿನವೋ, ಮೂಲನಿವಾಸಿಗಳ ದಿನವೋ? ಜಗಳ ಕಾವೇರುವ ಹೊತ್ತಿಗೆ ಯಾರೋ ಜಾಣರು ಎದ್ದು ಹೇಳುತ್ತಾರೆ: ‘ಅಯ್ಯೋ, ಹಳೇ ಕಥೆ ಬಿಡಿ. ಆ ಡಿಸ್ಕವರಿ ಸಿದ್ಧಾಂತವನ್ನು, ಅದೇ ಮೊದಲು ಕಂಡ ಯುರೋಪಿನ ದೊರೆಗೇ ನೆಲ ಅನ್ನೋ ವಾದವನ್ನು, ವ್ಯಾಟಿಕನ್ನೇ ಕೈಬಿಟ್ಟಾಯ್ತಲ್ಲ.’

ಕೈಬಿಟ್ಟಿತು, ನಿಜ. 2023ರ ಮಾರ್ಚ್ 30ಕ್ಕೆ. ಬಹಳ ಸಂತೋಷ. 1493ರಲ್ಲಿ ಪೋಪ್ ಆರನೇ ಅಲೆಕ್ಸಾಂಡರ್ ಅಟ್ಲಾಂಟಿಕ್ ಸಮುದ್ರದ ಮೇಲೆ ಒಂದು ಗೀಟು ಎಳೆದು, ಆಚೆ ಸಿಗುವುದೆಲ್ಲ ಸ್ಪೇನಿಗೆ ಎಂದು ಬರೆದುಕೊಟ್ಟರು. ಮರುವರ್ಷ ಪೋರ್ಚುಗಲ್ ತಕರಾರು ತೆಗೆದು, ಆ ಗೀಟನ್ನು ಇನ್ನಷ್ಟು ಪಶ್ಚಿಮಕ್ಕೆ ಸರಿಸಿಕೊಂಡಿತು. ಸಬ್ ರಿಜಿಸ್ಟ್ರಾರ್ ಜಾಗ ನೋಡಿಲ್ಲ, ಬರೆಸಿಕೊಂಡವರೂ ಪೂರ್ತಿ ನೋಡಿಲ್ಲ, ಖಾತೆ ಮಾತ್ರ ಪಕ್ಕಾ. 530 ವರ್ಷ ಕಳೆದ ಮೇಲೆ ಬಂದ ಹೇಳಿಕೆ ಏನನ್ನುತ್ತದೆ? ಆ ಪತ್ರಗಳು ಯಾವತ್ತೂ ನಮ್ಮ ಧರ್ಮದ ಮಾತಾಗಿರಲಿಲ್ಲ, ರಾಜರು ಅವನ್ನು ತಮ್ಮ ರಾಜಕೀಯಕ್ಕೆ ತಿರುಚಿಕೊಂಡರು. ಪಾಪ, ಬರೆದುಕೊಟ್ಟವರದೇನು ತಪ್ಪು! ಈ ಹೇಳಿಕೆಯ ಹಿಂದಿನ ವರ್ಷ, 2022ರಲ್ಲಿ, ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಹೋದಾಗ ಮೂಲನಿವಾಸಿಗಳು ಪೂಜೆಯ ನಡುವೆಯೇ ‘ಸಿದ್ಧಾಂತ ರದ್ದು ಮಾಡಿ’ ಅಂತ ಬ್ಯಾನರ್ ಹಿಡಿದಿದ್ದರು. ಅದಕ್ಕೆ ಸಿಕ್ಕ ಉತ್ತರ ಇದು. ಇದರಲ್ಲಿ ಒಂದು ಗುಂಟೆ ನೆಲ ವಾಪಸ್ ಕೊಡುವ ಮಾತೂ ಇಲ್ಲ.

ಆದರೂ ನನಗೆ ಹೆಚ್ಚು ಇಷ್ಟವಾಗಿರುವುದು ಖಾತೆ ಅಲ್ಲ, ಆಮೇಲೆ ಕೊಟ್ಟ ನೋಟಿಸು. ಸ್ಪೇನಿನವರು ಕಾನೂನಿಗೆ ಭಾರೀ ಬೆಲೆ ಕೊಡುವ ಜನ. ಎಚ್ಚರಿಸದೆ ಯುದ್ಧ ಮಾಡಿದರೆ ಪಾಪ ಬರುತ್ತದಲ್ಲ? ಅದಕ್ಕೇ 1513ರ ಹೊತ್ತಿಗೆ ಪಲಾಸಿಯೋಸ್ ರುಬಿಯೋಸ್ ಎಂಬ ಕಾನೂನು ಪಂಡಿತ ‘ರೆಕೆರಿಮಿಯೆಂತೊ’ ಎಂಬ ಪತ್ರ ತಯಾರಿಸಿದ. ದಾಳಿಗೆ ಮುಂಚೆ ಅದನ್ನು ಅಲ್ಲಿಯ ಜನರಿಗೆ ಓದಿ ಹೇಳಬೇಕು. ದೇವರು ಲೋಕ ಸೃಷ್ಟಿಸಿದ ಅಂತ ಶುರು. ಆಮೇಲೆ ಆದಾಮ, ಹವ್ವ, ಸಂತ ಪೀಟರ್, ಪೋಪ್. ಆ ಪೋಪ್ ನಿಮ್ಮ ನೆಲವನ್ನು ನಮ್ಮ ದೊರೆಗೆ ದಾನ ಕೊಟ್ಟಿದ್ದಾರೆ, ಒಪ್ಪಿಕೊಳ್ಳಿ. ಒಪ್ಪದಿದ್ದರೆ ನಿಮ್ಮನ್ನೂ ಹೆಂಡತಿ ಮಕ್ಕಳನ್ನೂ ಗುಲಾಮರನ್ನಾಗಿ ಮಾಡುತ್ತೇವೆ. ಆಗುವ ಸಾವು ನೋವಿಗೆಲ್ಲ ನೀವೇ ಹೊಣೆ, ನಾವಲ್ಲ. ಕೊನೆಗೆ, ಇದನ್ನೆಲ್ಲ ಓದಿದ್ದಕ್ಕೆ ನೋಟರಿಯ ಸಹಿ! ಪತ್ರ ಇದ್ದದ್ದು ಸ್ಪ್ಯಾನಿಷ್‌ನಲ್ಲಿ, ಕೇಳಬೇಕಾದವರಿಗೆ ಸ್ಪ್ಯಾನಿಷ್ ಬಾರದು. ಅದೇನೂ ಅಡ್ಡಿ ಆಗಲಿಲ್ಲ. ಜನ ಓಡಿಹೋಗಿ ಖಾಲಿಯಾದ ಊರುಗಳಲ್ಲಿ ಓದಿದರು. ಹಡಗಿನ ಮೇಲೆ ನಿಂತು ಓದಿದರು. ಮರಗಳಿಗೂ ಓದಿದರು. ಮರಗಳು ಆಕ್ಷೇಪಣೆ ಸಲ್ಲಿಸಿದ ದಾಖಲೆ ಇಲ್ಲ.

1514ರಲ್ಲಿ ಸ್ಪೇನಿನ ದಂಡನಾಯಕ ಪೆದ್ರಾರಿಯಾಸ್ ದಾವಿಲನ ದಂಡಿನ ಜೊತೆ ಹೋಗಿದ್ದ ಇತಿಹಾಸಕಾರ ಒವಿಯೆದೊ ಕೈಯಲ್ಲೇ ಈ ಪತ್ರ ಇತ್ತು. ಊರೆಲ್ಲ ಖಾಲಿ. ಇವರಿಗೆ ಈ ದೇವಶಾಸ್ತ್ರ ಕೇಳುವ ಮನಸ್ಸಿಲ್ಲ ಸ್ವಾಮಿ, ಒಬ್ಬನನ್ನು ಹಿಡಿದು ಪಂಜರದಲ್ಲಿ ಕೂಡಿಹಾಕುವವರೆಗೆ ಪತ್ರ ನೀವೇ ಇಟ್ಟುಕೊಳ್ಳಿ, ಆಮೇಲೆ ಅವನು ನಿಧಾನಕ್ಕೆ ಕಲಿಯಲಿ ಎಂದನಂತೆ. ಎಲ್ಲರೂ ನಕ್ಕರಂತೆ. ನಕ್ಕಾದ ಮೇಲೆ ಕೆಲಸ ಮುಂದುವರಿಸಿದರು.

ಒಂದು ಕಡೆ ಉತ್ತರವೂ ಬಂತು. ಈಗಿನ ಕೊಲಂಬಿಯಾದ ಸೆನು ಸೀಮೆಯ ಮುಖ್ಯಸ್ಥರಿಗೆ ಸ್ಪೇನಿನ ಎನ್ಸಿಸೊ ಎಂಬಾತ ಪತ್ರದ ಅರ್ಥ ತಿಳಿಸಿ ಹೇಳಿದ. ಒಬ್ಬನೇ ದೇವರು ಅನ್ನುವುದು ಸರಿ ಎಂದರು. ಆದರೆ ತನ್ನದಲ್ಲದ್ದನ್ನು ದಾನ ಕೊಟ್ಟ ಆ ಪೋಪ್ ಕುಡಿದಿದ್ದಿರಬೇಕು, ಅದನ್ನು ಕೇಳಿ ಪಡೆದ ರಾಜ ಹುಚ್ಚನೇ ಇರಬೇಕು ಎಂದರು. ಇಲ್ಲಿಗೆ ಬಂದರೆ ಅವನ ತಲೆಯನ್ನು ಗೂಟಕ್ಕೆ ಏರಿಸುತ್ತೇವೆ ಎಂದೂ ಸೇರಿಸಿದರು. ಇದನ್ನು ಬರೆದಿಟ್ಟವನು ಎನ್ಸಿಸೊನೇ. ಐದು ಶತಮಾನದ ಕಾನೂನು ಚರ್ಚೆಯಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ವಾದ ಇದೊಂದೇ.

ನಮ್ಮ ಕಡೆಗೂ ಇದರ ಗಾಳಿ ಬೀಸಿದೆ, ಮರೀಬೇಡಿ. ವಾಸ್ಕೋ ಡ ಗಾಮ 1498ರಲ್ಲಿ ಭಾರತಕ್ಕೆ ಜಲಮಾರ್ಗ ಕಂಡುಹಿಡಿದ ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ಆತ ಆಫ್ರಿಕಾದ ಮಲಿಂದಿಯಲ್ಲಿ ದಾರಿ ಗೊತ್ತಿದ್ದ ನಾವಿಕನೊಬ್ಬನನ್ನು ಹತ್ತಿಸಿಕೊಂಡು ಬಂದ. ದಾರಿ ಗೊತ್ತಿದ್ದವನ ಹೆಸರು ಪರೀಕ್ಷೆಗೆ ಬರಲ್ಲ, ಅಲ್ವಾ? ಗಾಮ ಮನೆ ಸೇರಿದ್ದೇ ತಡ, ಪೋರ್ಚುಗಲ್ಲಿನ ರಾಜ ಮ್ಯಾನುಯೆಲ್ ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ, ಭಾರತಗಳ ವ್ಯಾಪಾರಕ್ಕೂ ವಿಜಯಕ್ಕೂ ನಾನೇ ಒಡೆಯ ಅಂತ ಬಿರುದು ಹಚ್ಚಿಕೊಂಡ. ಆಗ ಇಲ್ಲಿ ಅವನ ಒಂದು ಕೋಟೆಯೂ ಇರಲಿಲ್ಲ. ವಿಜಯನಗರದವರಿಗೆ ಸುದ್ದಿ ಮುಟ್ಟಿಸಿದವರೂ ಯಾರೂ ಇದ್ದಂತಿಲ್ಲ.

ಸರಿ, ಅದೆಲ್ಲ ರಾಜರ ಕಾಲ. ಪೋಪರ ಮಾತಿಗೆ ಕಿವಿಗೊಡದ ಅಮೆರಿಕದವರಿಗೂ ಈ ಲೆಕ್ಕ ಮಾತ್ರ ಬೇಕಾಯಿತು. 1823ರಲ್ಲಿ ಅವರ ಸುಪ್ರೀಂ ಕೋರ್ಟಿಗೆ ಒಂದು ಜಮೀನು ಕೇಸು ಬಂತು. ಒಬ್ಬರಿಗೆ ಪಿಯಾಂಕಶಾ ಎಂಬ ಮೂಲನಿವಾಸಿಗಳಿಂದ ಖರೀದಿ, ಇನ್ನೊಬ್ಬರಿಗೆ ಸರ್ಕಾರದಿಂದ. ವಾದಿ, ಪ್ರತಿವಾದಿ ಇಬ್ಬರೂ ಬಿಳಿಯರೇ. ನೆಲದವರು ಕೋರ್ಟಿನ ಬಾಗಿಲಲ್ಲೂ ಇಲ್ಲ. ಮೊದಲು ಕಂಡವರದೇ ಒಡೆತನ, ಮೂಲನಿವಾಸಿಗಳಿಗೆ ವಾಸದ ಹಕ್ಕು ಮಾತ್ರ ಎಂದರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್. ಈ ವಾದ ಅತಿಯಾಯ್ತು ಅಂತ ಕಂಡರೂ ಕಾಣಲಿ, ಈಗಾಗಲೇ ಎಲ್ಲರ ಆಸ್ತಿ ಅದರ ಮೇಲೆ ನಿಂತಿರುವುದರಿಂದ ಅದೇ ಕಾನೂನು ಎಂದೂ ಅವರೇ ಬರೆದರು. ಅಂದರೆ, ಗೊತ್ತಿತ್ತು. ಗೊತ್ತಿದ್ದೇ ಮಾಡಿದರು.

ಇಲ್ಲಿಂದ ಮುಂದೆ ತಮಾಷೆ ಮಾಡಲಿಕ್ಕೂ ನನಗೆ ಸುಸ್ತು. ನ್ಯೂಯಾರ್ಕ್ ರಾಜ್ಯದ ಒನೈಡಾ ಎಂಬ ಮೂಲನಿವಾಸಿ ಜನ ತಮ್ಮ ಅಜ್ಜಂದಿರ ನೆಲದ ತುಂಡುಗಳನ್ನು 1990ರ ದಶಕದಲ್ಲಿ ತಾವೇ ದುಡ್ಡು ಕೊಟ್ಟು ವಾಪಸ್ ಕೊಂಡರು. ಇಲ್ಲಿ ನಮ್ಮದೇ ಆಡಳಿತ, ಷೆರಿಲ್ ಊರಿಗೆ ಆಸ್ತಿ ತೆರಿಗೆ ಕಟ್ಟುವುದಿಲ್ಲ ಎಂದರು. 2005ರಲ್ಲಿ ಸುಪ್ರೀಂ ಕೋರ್ಟಿನ ಎಂಟು ಜನ ಕಟ್ಟಿ ಎಂದರು, ಒಬ್ಬರು ಬೇಡ ಎಂದರು. ತೀರ್ಪು ಬರೆದವರು ಉದಾರವಾದಿಗಳು ಹೊತ್ತು ಮೆರೆಸುವ ರೂತ್ ಬೇಡರ್ ಗಿನ್ಸ್‌ಬರ್ಗ್. ಮೊದಲನೇ ಅಡಿಟಿಪ್ಪಣಿಯಲ್ಲೇ ಡಿಸ್ಕವರಿ ಸಿದ್ಧಾಂತ ಕೂತಿದೆ. ಕೋರ್ಟು ಕೊಟ್ಟ ಕಾರಣ: ನೀವು ಕೇಳಿದ್ದು ತುಂಬಾ ತಡವಾಯಿತು. ವ್ಯಾಟಿಕನ್ನಿಗೆ 530 ವರ್ಷ ಹಿಡಿದಾಗ ಮಾತ್ರ ಯಾರೂ ತಡ ಅನ್ನಲಿಲ್ಲ, ಚಪ್ಪಾಳೆ ತಟ್ಟಿದರು. 1823ರ ತೀರ್ಪು ಇವತ್ತಿಗೂ ರದ್ದಾಗಿಲ್ಲ.