ಸತ್ಯಾಂಶ: ಉಳ್ಳಾಗಡ್ಡಿ ರಸದಿಂದ ಕಣ್ಣಿನ ಪೊರೆ ಕರಗುವುದಿಲ್ಲ

‘ಉಳ್ಳಾಗಡ್ಡಿ ರಸಕ್ಕೆ ಜೇನುತುಪ್ಪ ಬೆರೆಸಿ ದಿನಾ ಕಣ್ಣಿಗೆ ಹಾಕಿ. ಪೊರೆ ತಾನೇ ಕರಗುತ್ತದೆ, ಆಪರೇಷನ್ ಬೇಕಿಲ್ಲ.’ ಹುಬ್ಬಳ್ಳಿ, ಗದಗ ಕಡೆಯ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುವ ಈ ಮಾತು ಸುಳ್ಳು. ದಯವಿಟ್ಟು ಹಾಕಬೇಡಿ.

ಪೊರೆ ಅಂದರೆ ಕಣ್ಣಿನ ಮೇಲೆ ಬೆಳೆದ ಪದರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಒಳಗೆ, ಪಾಪೆಯ ಹಿಂದೆ ಒಂದು ಲೆನ್ಸ್ ಇದೆ. ವಯಸ್ಸಾದಂತೆ ಅದರ ಪ್ರೋಟೀನ್ ಗಂಟುಕಟ್ಟಿ ಲೆನ್ಸೇ ಮಸುಕಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಮತ್ತೆ ತಿಳಿಯಾಗುವುದಿಲ್ಲ ಅಲ್ವಾ, ಇದೂ ಹಾಗೇ. ಪೊರೆ ಕರಗಿಸುತ್ತದೆ ಎಂದು ಸಾಬೀತಾದ ಯಾವ ಡ್ರಾಪ್ಸೂ ಇವತ್ತಿಗೂ ಇಲ್ಲ.

ನನಗೆ ಜಾಸ್ತಿ ಆತಂಕ ಇರುವುದು ಹಾನಿಯ ಬಗ್ಗೆ. ಉಳ್ಳಾಗಡ್ಡಿ ರಸ ಕಣ್ಣನ್ನು ಸುಡುತ್ತದೆ. ಮನೆಯ ಜೇನಿನಲ್ಲಿ ರೋಗಾಣು ಇರಬಹುದು. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಹುಣ್ಣಾಗಿ ಬಿಳಿ ಕಲೆ ಉಳಿದರೆ, ಆಮೇಲೆ ಆಪರೇಷನ್ ಮಾಡಿದರೂ ದೃಷ್ಟಿ ಪೂರ್ತಿ ಬಾರದೆ ಹೋಗಬಹುದು.

‘ಪೊರೆ ಹಣ್ಣಾಗಲಿ’ ಅಂತ ಕಾಯುವುದೂ ಬೇಡ. ತೀರಾ ಬಲಿತರೆ ಲೆನ್ಸ್ ಊದಿ ಕಣ್ಣಿನ ಒತ್ತಡ ಏರಬಹುದು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಎಂಬ ವೈದ್ಯರು ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ತೆಗೆಯುವ ವಿಧಾನ ತಂದರು. ಈಗ 2–3 ಮಿಲಿಮೀಟರ್ ಗಾಯ ಸಾಕು. ಮಡಚುವ ಲೆನ್ಸ್ ಒಳಗಿಟ್ಟು, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ.

ಮಬ್ಬು ಕಂಡದ್ದೆಲ್ಲ ಪೊರೆಯೇ ಅಲ್ಲ. ಶುಗರ್ ಇರುವವರಿಗೆ ರೆಟಿನಾ (ಕಣ್ಣಿನ ಹಿಂಭಾಗದ ನರಪದರ) ಸದ್ದಿಲ್ಲದೆ ಹಾಳಾಗುತ್ತಿರಬಹುದು. ಅವರು ವರ್ಷಕ್ಕೊಮ್ಮೆ ರೆಟಿನಾ ತಪಾಸಣೆ ಮಾಡಿಸಲೇಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಗದಗ, ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು.