ಮೊದಲು ಒಂದು ಒಳ್ಳೆ ಮೈಕ್ರೋಮೀಟರ್ ಕೊಳ್ಳಿ

ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳುವ ಗೆಳೆಯರು ಈಚೆಗೆ ಜಾಸ್ತಿಯಾಗಿದ್ದಾರೆ. ನನಗಂತೂ ತುಂಬಾ ಖುಷಿ. ಲೇತ್, ಡ್ರಿಲ್ಲಿಂಗ್ ಮಷೀನ್, ಬೆಂಚ್ ವೈಸ್, ಎಲ್ಲದಕ್ಕೂ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅಳತೆ ಸಾಮಾನಿನ ಮಾತು ಬಂದಾಗ ಮಾತ್ರ "ಒಂದು ಡಿಜಿಟಲ್ ವರ್ನಿಯರ್ ಇದೆ, ಸಾಕು" ಅನ್ನುತ್ತಾರೆ. ವರ್ನಿಯರ್ ಅಂದರೆ ಬಾಯಿಯ ನಡುವೆ ವಸ್ತು ಹಿಡಿದು ಅಳೆಯುವ ಜಾರು ಸ್ಕೇಲ್. ಅದೊಂದೇ ಸಾಲದು.

ಎರಡು ವರ್ಷದ ಹಿಂದೆ ನಮ್ಮ ನೀರಿನ ಪಂಪಿಗೆ ಹೊಸ ಶಾಫ್ಟ್ ಮಾಡಿದೆ. ಅದರ ಮೇಲೆ 6204 ಬೇರಿಂಗ್ ಕೂರಬೇಕು. ಅದರ ತೂತು 20 ಎಂಎಂ. ಎಂಟು ನೂರು ರೂಪಾಯಿಗೆ ತಂದಿದ್ದ ಡಿಜಿಟಲ್ ವರ್ನಿಯರ್ 20.01 ತೋರಿಸಿತು. ಬೇರಿಂಗ್ ಹಾಕಿದರೆ ಸುತ್ತಿಗೆ ಪೆಟ್ಟೇ ಬೇಕಾಗಲಿಲ್ಲ, ಕೈಯಲ್ಲೇ ಸರ್ರನೆ ಇಳಿಯಿತು. ಶಾಫ್ಟ್ ಹಿಡಿದುಕೊಂಡು ಪೀಣ್ಯದಲ್ಲಿ ಪರಿಚಯದ ಟರ್ನರ್ ಒಬ್ಬರ ಹತ್ತಿರ ಹೋದೆ. ಅವರು ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ಅಳೆಯುವ ಸಾಧನ) ಹಿಡಿದು, ಅದರ ತುದಿಯ ರಾಚೆಟ್ ಹಿಡಿ ತಿರುಗಿಸಿ ಮೂರು ಸಲ ಟಕ್ ಅನ್ನಿಸಿದರು. 19.96. "ಬೇರಿಂಗ್ ಸೀಟನ್ನು ವರ್ನಿಯರ್‌ನಲ್ಲಿ ಅಳೆಯಬೇಡಿ ಸಾರ್" ಅಂದರು, ಅಷ್ಟೇ. ಒಂದು ಇಡೀ ಭಾನುವಾರದ ಕೆಲಸ ಹೋಗಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಇಂಥ ಶಾಫ್ಟಿಗೆ ಕೆ6 ಫಿಟ್ (ಬೇರಿಂಗ್ ಬಿಗಿಯಾಗಿ ಕೂರಲು ಗೊತ್ತು ಮಾಡಿದ ಒಂದು ಅಳತೆ ಮಿತಿ) ಇಟ್ಟುಕೊಂಡರೆ ಅಳತೆ 20.002 ಮತ್ತು 20.015ರ ನಡುವೆ ಇರಬೇಕು. ನಮಗೆ ಸಿಗುವ ಜಾಗ ಬರೀ 13 ಮೈಕ್ರಾನ್, ಅಂದರೆ ಎಂಎಂನ ಸಾವಿರ ಪಾಲಿನಲ್ಲಿ 13 ಪಾಲು. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಹೆಸರುವಾಸಿ ಕಂಪನಿಯ 150 ಎಂಎಂ ಡಿಜಿಟಲ್ ವರ್ನಿಯರ್‌ನಲ್ಲೂ 20 ಮೈಕ್ರಾನ್ ಆಚೀಚೆ ಆಗಬಹುದು ಅಂತ ಕಂಪನಿಯೇ ಬರೆದಿರುತ್ತದೆ. ಪರದೆಯಲ್ಲಿ 0.01 ಕಾಣುತ್ತದೆ ಅಂದರೆ ಅಷ್ಟು ಸರಿಯಾಗಿ ಅಳೆಯುತ್ತದೆ ಅಂತ ಅಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕಾರಣ ಸರಳ. ವರ್ನಿಯರ್‌ನ ಸ್ಕೇಲ್ ಒಂದು ಕಡೆ, ಜಾಬ್ (ನಾವು ಅಳೆಯುವ ವಸ್ತು) ಇನ್ನೊಂದು ಕಡೆ. ಒತ್ತಿ ಹಿಡಿದರೆ ಬಾಯಿ ಚೂರು ವಾಲುತ್ತದೆ, ಅಳತೆ ತಪ್ಪುತ್ತದೆ. ಮೈಕ್ರೋಮೀಟರ್‌ನಲ್ಲಿ ಸ್ಕ್ರೂ ಮತ್ತು ಜಾಬ್ ಒಂದೇ ಗೆರೆಯಲ್ಲಿ ಇರುತ್ತವೆ. ಸ್ಕೇಲ್ ಮತ್ತು ಅಳೆಯುವ ವಸ್ತು ಹೀಗೆ ಒಂದೇ ಗೆರೆಯಲ್ಲಿ ಇರಬೇಕು ಅಂತ ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1890ರಲ್ಲೇ ಹೇಳಿದ್ದರು.

ಅದಕ್ಕೇ ನನ್ನ ಮಾತು ಇಷ್ಟು: ದುಡ್ಡು ಕಡಿಮೆ ಇದ್ದರೆ 0ಯಿಂದ 25 ಎಂಎಂವರೆಗೆ ಅಳೆಯುವ ಒಂದು ಒಳ್ಳೆ ಮೈಕ್ರೋಮೀಟರ್ ಮೊದಲು ತನ್ನಿ. ಡಿಜಿಟಲ್ ಬೇಡ. ಸ್ಕ್ರೂ ಒಮ್ಮೆ ಪೂರ್ತಿ ತಿರುಗಿದರೆ ಅರ್ಧ ಎಂಎಂ, ಸುತ್ತಲೂ 50 ಗೆರೆ, ಒಂದೊಂದು ಗೆರೆಗೆ 0.01. ಸೆಲ್ ಮುಗಿಯುವ ಚಿಂತೆ ಇಲ್ಲ. ನಾಲ್ಕೈದು ಮೈಕ್ರೋಮೀಟರ್ ಇರುವ ಅಗ್ಗದ ಸೆಟ್‌ಗೆ ದುಡ್ಡು ಹಾಕಬೇಡಿ. ದೊಡ್ಡ ಸೈಜು ಬೇಕಾದಾಗ ಅದೊಂದನ್ನೇ ಕೊಂಡರಾಯಿತು. ವರ್ನಿಯರ್ ಬೇಡವೇ? ಖಂಡಿತ ಬೇಕು, ಮುಕ್ಕಾಲು ಪಾಲು ಕೆಲಸ ಅದರಲ್ಲೇ. 0.02ರ ಗೆರೆ ವರ್ನಿಯರ್ ಸಾಕು. ಡಯಲ್ ಗೇಜ್ ಮಾತ್ರ ಅಗ್ಗದ್ದಾದರೂ ನಡೆಯುತ್ತದೆ. ಲೇತ್ ಚಕ್‌ನಲ್ಲಿ ಜಾಬ್ ಎಷ್ಟು ಓಲಾಡುತ್ತಿದೆ ಅಂತ ನೋಡಲು ತಾನೇ ಅದು?

ಕೊಳ್ಳಲು ಬೆಂಗಳೂರಿನ ಎಸ್‌ಜೆಪಿ ರೋಡಿಗೋ ಬೇರೆಲ್ಲಿಗೋ ಹೋದಾಗ ಡಬ್ಬ ತೆಗೆಸಿ, ಕೈಯಲ್ಲಿ ಹಿಡಿದು ನೋಡಿ. ವರ್ನಿಯರ್ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಮಧ್ಯೆ ಬೆಳಕಿನ ಗೆರೆ ಕಂಡರೆ ಬಿಟ್ಟುಬಿಡಿ. ಒಂದೇ ವಸ್ತುವನ್ನು ಬಾಯಿಯ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಅಳೆಯಿರಿ, ಎರಡೂ ಒಂದೇ ಬರಬೇಕು. ಮೈಕ್ರೋಮೀಟರ್ ಹತ್ತು ಸಲ ಮುಚ್ಚಿದರೆ ಹತ್ತು ಸಲವೂ ಒಂದೇ ಸೊನ್ನೆ ಬರಬೇಕು. ಸೊನ್ನೆ ತಪ್ಪಿದ್ದರೆ ಜೊತೆಗೆ ಬರುವ ಚಿಕ್ಕ ಸ್ಪ್ಯಾನರ್‌ನಲ್ಲಿ ಸರಿ ಮಾಡಬಹುದು. ದಿನಕ್ಕೊಂದು ಸೊನ್ನೆ ತೋರಿಸುವುದನ್ನು ಏನೂ ಮಾಡಲಾಗದು.

ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಮೈಕ್ರೋಮೀಟರ್ ಸರಿ ಇದೆಯಾ ಅಂತ ನೋಡಲು ಬಳಸುವ ಸ್ಲಿಪ್ ಗೇಜ್ ಸೆಟ್ (ನಿಖರ ಅಳತೆಯ ತುಂಡುಗಳು) ನಮ್ಮ ಜೇಬಿಗೆ ದೊಡ್ಡದು, ಅಲ್ವಾ? ಒಳ್ಳೆ ಕಂಪನಿಯ ಹೊಸ 608 ಬೇರಿಂಗ್ ಒಂದನ್ನು ತನ್ನಿ. ಅದರ ಹೊರವ್ಯಾಸ 22 ಎಂಎಂ. ಮಾಮೂಲಿ ದರ್ಜೆಯದ್ದೇ ಆದರೂ 22ಕ್ಕಿಂತ ಕಡಿಮೆಯಾದರೆ 9 ಮೈಕ್ರಾನ್ ಒಳಗೇ ಇರಬೇಕು, 22 ದಾಟುವ ಹಾಗೂ ಇಲ್ಲ. ಮೈಕ್ರೋಮೀಟರ್ ಅದರ ಮೇಲೆ 22.03 ತೋರಿಸಿದರೆ ತಪ್ಪು ಬೇರಿಂಗಿನದಲ್ಲ. ಅಗಲವನ್ನು ಮಾತ್ರ ನಂಬಬೇಡಿ, ಅದರ ಟಾಲರೆನ್ಸ್ (ಅಳತೆ ತಪ್ಪಲು ಬಿಟ್ಟಿರುವ ಮಿತಿ) ತುಂಬಾ ಸಡಿಲ.

ಬಿಸಿ ಜಾಬ್ ಅಳೆಯಲೇಬೇಡಿ. ಪ್ರಪಂಚದಲ್ಲೆಲ್ಲ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. 40 ಎಂಎಂ ಕಬ್ಬಿಣದ ಜಾಬ್ ಲೇತ್‌ನಲ್ಲಿ ಮೊದಲಿಗಿಂತ 30 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 14 ಮೈಕ್ರಾನ್ ಉಬ್ಬುತ್ತದೆ. ಆರಲು ಬಿಡಿ. ಅಷ್ಟರಲ್ಲಿ ಒಂದು ಕಾಫಿ ಕುಡಿಯಬಹುದು. ರಾಯಚೂರಿನ ಬೇಸಿಗೆಯಲ್ಲೂ ಮೈಕ್ರೋಮೀಟರ್ ಮತ್ತು ಉಕ್ಕಿನ ಜಾಬ್ ಒಂದೇ ಬಿಸಿಗೆ ಬಂದರೆ ತೊಂದರೆ ಇಲ್ಲ, ಎರಡೂ ಒಟ್ಟಿಗೆ ಹಿಗ್ಗುತ್ತವೆ. ಅಲ್ಯೂಮಿನಿಯಂ ಆದರೆ ಹುಷಾರು, ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ.

ಕೆಲಸ ಮುಗಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಿ, ಬಾಯಿ ಸ್ವಲ್ಪ ತೆರೆದೇ ಡಬ್ಬಕ್ಕೆ ಹಾಕಿ. ಬೆಂಗಳೂರಿನಲ್ಲಿರುವವರು ಯಾವ ಭಾನುವಾರವಾದರೂ ನಿಮ್ಮ ವರ್ನಿಯರ್, ಮೈಕ್ರೋಮೀಟರ್ ತೆಗೆದುಕೊಂಡು ಮನೆಗೆ ಬನ್ನಿ. 608 ಬೇರಿಂಗ್ ಮೇಜಿನ ಮೇಲೇ ಇದೆ, ಒಟ್ಟಿಗೆ ಕೂತು ನೋಡೋಣ.